ವಾಲಿಯ ವರಕ್ಕೆ ಎಷ್ಟು ಪಾಯಿಂಟ್?

ಗಂಗಾವತಿಯಲ್ಲಿ ಭಾನುವಾರಗಳಂದು ನಾನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡಿಸುತ್ತೇನೆ. ಕಥೆ ನಡೆಸುವವನು ನಾನು. ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ದಾಳ ಉರುಳಿಸುತ್ತಾರೆ. ಕಾಯಿಗಳ ಜಾಗದಲ್ಲಿ ಕಿನ್ನಾಳದ ಗೊಂಬೆಗಳಿರುತ್ತವೆ. ಹೊಸ ಹುಡುಗರು ಬಂದ ದಿನವೇ ಕೇಳುತ್ತಾರೆ: "ಸರ್, ನಾನು ಹನುಮಪ್ಪ ಆಗಬಹುದಾ?" ಅಂಜನಾದ್ರಿ ಪಕ್ಕದಲ್ಲೇ ಇರುವಾಗ ಈ ಪ್ರಶ್ನೆ ಬರಲೇಬೇಕು, ಅಲ್ವಾ?

ಆಗಬಹುದು. ಆದರೆ ದೇವರಂಥ ಪಾತ್ರಕ್ಕೆ ನಿಯಮ ಬರೆಯುವುದು ಬಹಳ ಕಷ್ಟ.

ಇಂಥ ಆಟಗಳಿಗೆಲ್ಲ ದಾರಿ ಹಾಕಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. ಎರಡೇ ವರ್ಷಕ್ಕೆ ಅದಕ್ಕೊಂದು ದೇವರುಗಳ ಪುಸ್ತಕವೂ ಬಂತು. ಅದರಲ್ಲಿ ನಾರ್ಸ್ ದೇವರಾಜ ಓಡಿನ್‌ಗೆ 300 ಹಿಟ್ ಪಾಯಿಂಟ್, ಅಂದರೆ ಏಟು ಬಿದ್ದಂತೆ ಇಳಿಯುವ, ಸೊನ್ನೆಯಾದರೆ ಸಾಯುವ ಅಂಕಿ. ತಮ್ಮ ಪಾತ್ರವನ್ನು ಲೆವೆಲ್ (ಆಡುತ್ತಾ ಏರುವ ಮಟ್ಟ) 40 ದಾಟಿಸಿ ಮೆರೆಯುವವರಿಗೆ, ದೇವರ ಬಲವೇ ಇಷ್ಟಿರುವಾಗ ನಿಮ್ಮದೆಷ್ಟು ಎಂದು ತೋರಿಸುವುದು ಸಂಪಾದಕರ ಆಸೆಯಾಗಿತ್ತು. ಆದರೆ ಅಂಕಿ ಕಂಡ ಕೂಡಲೇ ಆಟಗಾರ ಲೆಕ್ಕಕ್ಕೆ ಕೂರುತ್ತಾನೆ. ಏಟಿಗೆ 20 ಹೋದರೆ 15 ಏಟು ಸಾಕು! 1980ರ ಪುಸ್ತಕದಲ್ಲಿ ಗ್ರೀಕರ ದೇವರಾಜ ಝೀಯಸ್‌ಗೆ 400 ಕೊಟ್ಟರು. ನಮ್ಮ ಇಂದ್ರ, ಅಗ್ನಿ, ಯಮರನ್ನೂ ಅದೇ ತಕ್ಕಡಿಗೆ ಹಾಕಿದರು.

ಶುರುವಿನಲ್ಲಿ ನಾನೂ ಯಮನಿಗೆ 500 ಕೊಟ್ಟಿದ್ದೆ. ಚಹಾ ಬರುವಷ್ಟರಲ್ಲಿ ಹುಡುಗರು ಅವನನ್ನು ಕೊಂದರು. ಯಮನೇ ಸತ್ತ ಮೇಲೆ ಆ ಕಥೆಯಲ್ಲಿ ಸಾವಿಗೆ ಏನು ಬೆಲೆ? ಅವತ್ತು ಆಟ ಮುಂದುವರಿಯಲಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ 1986ರಲ್ಲಿ ದಾರಿ ಬದಲಾಯಿತು. ಲೆವೆಲ್ 36 ಮುಟ್ಟಿದವನು ತಾನೇ ಅಮರನಾಗಬಹುದಿತ್ತು, ಅದಕ್ಕೆ ಈಗಾಗಲೇ ಅಮರನಾದ ಒಬ್ಬನ ಆಸರೆ ಬೇಕು. 1990ರಲ್ಲಿ ದೇವರ ಅಂಕಿ ತೆಗೆದು, ಅವತಾರಕ್ಕೆ ಮಾತ್ರ ಅಂಕಿ ಉಳಿಸಿದರು. 'ಅವತಾರ' ನಮ್ಮದೇ ಮಾತು, ಕೆಲಸವನ್ನೂ ಚೆನ್ನಾಗಿ ಮಾಡಿತು. 2002ರಲ್ಲಿ ಮತ್ತೆ ಅಂಕಿ, ದೇವರುಗಳಿಗೆ 0ಯಿಂದ 20ರ ಆಚೆಗೂ ದರ್ಜೆ. 2008ರಲ್ಲಿ 30 ಲೆವೆಲ್‌ಗಳು, ಕೊನೆಗೆ ಅರೆದೇವರಾಗುವ ದಾರಿಯೂ ಇತ್ತು. ಬೇರೆ ಆಟಗಳು ಇನ್ನೂ ದೂರ ಹೋದವು. 1999ರ ನೊಬಿಲಿಸ್ ದಾಳವನ್ನೇ ಬಿಟ್ಟಿತು. 2016ರ ಗಾಡ್‌ಬೌಂಡ್‌ನಲ್ಲಿ ಪಾತ್ರದ ಶಕ್ತಿಯೆಲ್ಲ ಅದಕ್ಕೊಲಿದ ಸೃಷ್ಟಿಯ ಪದಗಳಿಂದ (ಬೆಂಕಿ, ಸಮುದ್ರ, ಸಾವು, ಹೀಗೆ) ಬರುತ್ತದೆ, ಶುರುವಿಗೆ ಮೂರು ಪದ.

ನನಗೆ ಉತ್ತರ ಸಿಕ್ಕಿದ್ದು, ಕಿಷ್ಕಿಂಧೆ ಇದೇ ಎನ್ನುವ ನಮ್ಮ ಆನೆಗುಂದಿಯ ಕಥೆಗಳಲ್ಲಿ. ವಾಲಿಗೊಂದು ವರವಿದೆ: ಎದುರು ನಿಂತವನ ಅರ್ಧ ಬಲ ಅವನಿಗೆ ಹೋಗುತ್ತದೆ. ಎಂಥ ಚಂದದ ನಿಯಮ ನೋಡಿ! ಎದುರಾಳಿ ಯಾವ ಲೆವೆಲ್‌ನವನಾದರೂ ನಡೆಯುತ್ತದೆ, ಪಾಯಿಂಟ್ ಬೇಕಿಲ್ಲ. ಗೆಲ್ಲಬೇಕೆಂದರೆ ಜಾಸ್ತಿ ಹೊಡೆದು ಪ್ರಯೋಜನವಿಲ್ಲ, ಎದುರು ನಿಲ್ಲದೆ ಬೇರೆ ದಾರಿ ಹುಡುಕಬೇಕು. ಅಂಥ ವಾಲಿಯೂ ಮತಂಗರ ಶಾಪದಿಂದ ಋಷ್ಯಮೂಕಕ್ಕೆ ಕಾಲಿಡುವಂತಿಲ್ಲ. ಸುಗ್ರೀವ ಉಳಿದದ್ದು ಆ ಗುಡ್ಡದಲ್ಲೇ. ಅವನಿಗೆ ಅಡಗಲು ಜಾಗ ಸಿಕ್ಕಿದ್ದರಿಂದ ಕಥೆ ಮುಂದೆ ಹೋಯಿತು.

ಹಾಗಾಗಿ ಈಗ ನನ್ನ ಮೇಜಿನಲ್ಲಿ ದೇವರಂಥ ಪಾತ್ರಕ್ಕೆ ಒಂದು ವರ, ಅದಕ್ಕೊಂದು ಕಟ್ಟುಪಾಡು, ಅಷ್ಟೇ. ಹನುಮಪ್ಪನಿಗೆ ತನ್ನ ಬಲ ಮರೆತಿರುತ್ತದೆ. ಸಮುದ್ರ ಹಾರಬೇಕಾದರೆ ಇನ್ನೊಬ್ಬ ಆಟಗಾರ ಜಾಂಬವಂತನಾಗಿ, ಹಿಂದಿನ ಆಟದಲ್ಲಿ ಹನುಮಪ್ಪ ನಿಜವಾಗಿ ಮಾಡಿದ ಒಂದು ಕೆಲಸವನ್ನು ನೆನಪಿಸಬೇಕು. ಸುಮ್ನೆ ಹೊಗಳಿದರೆ ನಡೆಯುವುದಿಲ್ಲ. ಇದರಿಂದ ಚಿಕ್ಕ ಪಾತ್ರದವರೂ ಕಿವಿಗೊಟ್ಟು ಕೂರುತ್ತಾರೆ. ನೆನಪು ಅವರ ಕೈಯಲ್ಲಿದೆ.

ಸದ್ಯಕ್ಕೆ ಜಾಂಬವಂತ ಒಂದು ಆಟದಲ್ಲಿ ಒಮ್ಮೆ ಮಾತ್ರ ನೆನಪಿಸಬಹುದು. ಆ ಪಾತ್ರ ಆಡುವ ಹುಡುಗಿ ಎರಡು ಸಲ ಬೇಕು ಎಂದು ಕೇಳುತ್ತಿದ್ದಾಳೆ. ಮುಂದಿನ ಭಾನುವಾರ ಆಡಿ ನೋಡುತ್ತೇವೆ.