ಚಿಂಕ್ವೆ ತೆರ್ರೆ: ಕಟ್ಟೆ ನಿಂತರೆ ವೈನು, ಕಟ್ಟೆ ಜರಿದರೆ ಗುಡ್ಡವೂ ಇಲ್ಲ

ಚಿಂಕ್ವೆ ತೆರ್ರೆಯ ಬಿಳಿ ವೈನು ಗ್ಲಾಸಿನಲ್ಲಿ ಅಂಥ ಆಡಂಬರವನ್ನೇನೂ ತೋರುವುದಿಲ್ಲ. ತಿಳಿ ಹುಲ್ಲಿನ ಬಣ್ಣ, ಸಿಹಿಯಿಲ್ಲದ ರುಚಿ, ನಿಂಬೆ ಸಿಪ್ಪೆಯ ಘಮ, ಗುಟುಕು ಇಳಿದ ಮೇಲೆ ನಾಲಿಗೆಯಲ್ಲಿ ನಿಲ್ಲುವ ಸಣ್ಣ ಉಪ್ಪು. ಅಲ್ಲಿನ ಮೊಂತೆರೊಸ್ಸೊ ಊರಿನವರು ಉಪ್ಪು ಹಾಕಿಡುವ ಆಂಚೊವಿ ಮೀನಿನ ಜೊತೆ ಚೆನ್ನಾಗಿರುತ್ತದೆ. ಬೆಲೆ ಮಾತ್ರ ಇಷ್ಟು ಸರಳ ವೈನಿಗೆ ಹೆಚ್ಚೆನಿಸುತ್ತದೆ. ಆ ದುಡ್ಡಿನಲ್ಲಿ ದ್ರಾಕ್ಷಿಯದು ಒಂದು ಪಾಲಾದರೆ, ಕಲ್ಲುಕಟ್ಟೆಯ ಕೂಲಿ ಇನ್ನೊಂದು ದೊಡ್ಡ ಪಾಲು.

ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾದಲ್ಲಿ, ಸಮುದ್ರಕ್ಕೆ ಒರಗಿದಂತಿರುವ ಐದು ಊರುಗಳೇ ಚಿಂಕ್ವೆ ತೆರ್ರೆ: ಮೊಂತೆರೊಸ್ಸೊ, ವೆರ್ನಾಜ್ಜಾ, ಕೊರ್ನಿಲಿಯಾ, ಮನರೋಲಾ, ರಿಯೊಮಜ್ಜೊರೆ. ಸಮತಟ್ಟು ನೆಲವೇ ಇಲ್ಲದ ಕಾರಣ ಮಧ್ಯಯುಗದಿಂದಲೇ ಜನ ಗುಡ್ಡ ಕಡಿದು, ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟೆ ಕಟ್ಟಿ, ಹಿಂದೆ ಮಣ್ಣು ತುಂಬಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿಕೊಂಡರು. ಉಚ್ಛ್ರಾಯದಲ್ಲಿ ಸುಮಾರು 1,400 ಹೆಕ್ಟೇರ್ ಬಳ್ಳಿ ಇತ್ತು ಎನ್ನುತ್ತಾರೆ. ಈಗ ಉಳಿದಿರುವುದು ನೂರು ಹೆಕ್ಟೇರ್ ಆಸುಪಾಸು.

ಕಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಗಟ್ಟಿ ನೆಲ ಸಿಗುವವರೆಗೆ ಅಗೆದು ಅತಿ ದೊಡ್ಡ ಕಲ್ಲುಗಳನ್ನು ಬುಡಕ್ಕೆ ಹಾಕುತ್ತಾರೆ. ಪ್ರತಿ ಕಲ್ಲಿನ ಉದ್ದ ಗುಡ್ಡದ ಒಳಮುಖವಾಗಿರಬೇಕು. ಅಡ್ಡ ಮಲಗಿಸಿದರೆ ನೋಡಲು ಚೆಂದ, ಆದರೆ ಹಿಡಿತವಿರುವುದಿಲ್ಲ. ಕೆಳಗಿನ ಎರಡು ಕಲ್ಲುಗಳ ಸಂದಿಯ ಮೇಲೆ ಮೇಲಿನ ಕಲ್ಲು ಕೂರಬೇಕು. ಮುಖ ಮೇಲೇರಿದಂತೆ ಗುಡ್ಡದ ಕಡೆಗೆ ಸ್ವಲ್ಪ ವಾಲಬೇಕು. ಕಟ್ಟೆಯ ಬೆನ್ನಿಗೆ ಮಣ್ಣನ್ನು ನೇರವಾಗಿ ತುಂಬುವುದಿಲ್ಲ, ನಡುವೆ ಸಣ್ಣ ಕಲ್ಲಿನ ಪದರ ಕೊಡುತ್ತಾರೆ. ಮಳೆ ನೀರು ಅದರೊಳಗೆ ಇಳಿದು ಕಲ್ಲಿನ ಸಂದಿಗಳಿಂದ ಹೊರಗೆ ಒಸರುತ್ತದೆ. ಗಾರೆ ಇಲ್ಲದಿರುವುದೇ ಇದರ ಬಲ.

ಕೆಡುವುದೂ ಅಲ್ಲಿಂದಲೇ. ವರ್ಷಗಟ್ಟಲೆ ನೋಡದಿದ್ದರೆ ಕಲ್ಲಿನ ಪದರದಲ್ಲಿ ಮಣ್ಣು ಕಟ್ಟಿಕೊಂಡು ನೀರು ಒಳಗೇ ನಿಲ್ಲುತ್ತದೆ. ಒಂದು ಘನಮೀಟರ್ ನೀರೆಂದರೆ ಒಂದು ಟನ್. ಕಟ್ಟೆ ಮೊದಲು ನಡುವಿನಲ್ಲಿ ಹೊಟ್ಟೆ ಬಿಡುತ್ತದೆ; ಆಗಲೇ ಬಿಚ್ಚಿ ಮತ್ತೆ ಕಟ್ಟಿದರೆ ಕೆಲವು ದಿನಗಳ ಕೆಲಸ. ಬಿಟ್ಟರೆ ಒಂದು ಮಳೆಗಾಲದಲ್ಲಿ ಬಾಯಿ ಬಿಟ್ಟು, ಮಣ್ಣೆಲ್ಲ ಕೆಳಗಿನ ಕಟ್ಟೆಯ ಮೇಲೆ ಬೀಳುತ್ತದೆ, ಅದೂ ಕುಸಿಯುತ್ತದೆ. ಬೇರು ಹುಡುಕಿ ನೆಲ ಕೆದಕುವ ಕಾಡುಹಂದಿ ಬಂದರಂತೂ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಸಿಮೆಂಟು ಬಳಿದು ಗಟ್ಟಿ ಮಾಡಿದೆವೆಂದುಕೊಳ್ಳುವವರು ನೀರಿನ ದಾರಿಯನ್ನೇ ಮುಚ್ಚಿರುತ್ತಾರೆ.

ಜನ ಕಟ್ಟೆ ಬಿಡತೊಡಗಿದ್ದು ಯಾವಾಗ? ಪಕ್ಕದ ಲಾ ಸ್ಪೆಜಿಯಾದಲ್ಲಿ 1869ರಲ್ಲಿ ನೌಕಾಪಡೆಯ ಕಾರ್ಖಾನೆ ಶುರುವಾಯಿತು, 1874ರಲ್ಲಿ ಜಿನೋವಾದಿಂದ ಅಲ್ಲಿಗೆ ರೈಲು ಬಂತು. ಬೆನ್ನ ಮೇಲೆ ಬುಟ್ಟಿ ಹೊರುವ ಬದಲು ತಿಂಗಳ ಸಂಬಳ ಸಿಗುವ ದಾರಿ ತೆರೆಯಿತು. ರೈಲು ಬಂದ ಮೇಲೆ ಅಗ್ಗದ ವೈನು ಹೊರಗಿನಿಂದ ಬರುವುದೂ ಸುಲಭವಾಯಿತು. 1920ರ ದಶಕದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಬಳ್ಳಿಗಳನ್ನು ಒಣಗಿಸಿತು. ಆ ಹೇನನ್ನು ತಡೆದುಕೊಳ್ಳುವ ಅಮೆರಿಕದ ಬೇರುಗಿಡಕ್ಕೆ ಕಸಿ ಮಾಡಿ ಮತ್ತೆ ನೆಡಬೇಕಾಯಿತು, ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಯುವಕರು ಹೋದರು, ಮುದುಕರು ಉಳಿದರು.

1973ರಲ್ಲಿ ಈ ವೈನಿಗೆ ಡಿಒಸಿ ಮಾನ್ಯತೆ, ಅಂದರೆ ಯಾವ ಸೀಮೆಯದು, ಹೇಗೆ ಮಾಡಿದ್ದು ಎಂಬುದಕ್ಕೆ ಇಟಲಿ ಸರ್ಕಾರದ ಮುದ್ರೆ, ಸಿಕ್ಕಿತು. ನಿಯಮದಂತೆ ಬೊಸ್ಕೊ ದ್ರಾಕ್ಷಿ ಕನಿಷ್ಠ 40 ಶೇಕಡಾ ಇರಬೇಕು; ಅಲ್ಬರೋಲಾ ಮತ್ತು ವೆರ್ಮೆಂತಿನೊ ಒಟ್ಟಾಗಿ 40 ಶೇಕಡಾ ಮೀರಬಾರದು. ಬೊಸ್ಕೊ ಮೈಕಟ್ಟು ಕೊಡುತ್ತದೆ, ವೆರ್ಮೆಂತಿನೊ ಪರಿಮಳ. ಉಪ್ಪುಗಾಳಿಗೆ ಹೆದರಿ ಹಿರಿಯರು ಚಪ್ಪರವನ್ನು ಮೊಣಕಾಲಿಗಿಂತ ಸ್ವಲ್ಪ ಮೇಲೆ ಮಾತ್ರ ಕಟ್ಟುತ್ತಿದ್ದರು. ಕೊಯ್ಲಿಗೆ ಅದರಡಿ ತೆವಳಬೇಕು. ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ನೆಟ್ಟಗೆ ನಡೆದಾಡಿದವರಿಗೆ ಇದು ಶಿಕ್ಷೆಯಂತೆ ಕಾಣಬಹುದು. ಈಚೆಗೆ ಬುಟ್ಟಿ ಹೊರುವ ಕೆಲಸವನ್ನು ಹಲ್ಲುಗಳಿರುವ ಒಂಟಿ ಹಳಿಯ ಮೇಲೆ ಹತ್ತುವ ಪೆಟ್ರೋಲ್ ಟ್ರಾಲಿ ಮಾಡುತ್ತದೆ. ಆದರೆ ಟ್ರಾಲಿಗೆ ಕಟ್ಟೆ ಕಟ್ಟಲು ಬರುವುದಿಲ್ಲ.

ಇದೇ ದ್ರಾಕ್ಷಿಯ ಸಿಹಿ ವೈನು ಶಕ್ಕೆತ್ರಾ. ಆರಿಸಿದ ಗೊಂಚಲುಗಳನ್ನು ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಹರಡಿ ಕನಿಷ್ಠ ನವೆಂಬರ್ 1ರವರೆಗೆ ಒಣಗಿಸುತ್ತಾರೆ. ತೇವದ ಗಾಳಿ ಬೀಸಿದರೆ ಬೂಷ್ಟು ಹತ್ತುತ್ತದೆ, ಹಾಗಾಗಿ ಕೊಳೆತ ಹಣ್ಣನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ನೂರು ಕಿಲೋ ಹಣ್ಣಿಗೆ ಕೊನೆಗೆ 25ರಿಂದ 30 ಲೀಟರ್ ಸಿಕ್ಕರೆ ಅದೃಷ್ಟ. ಸಣ್ಣ ಬಾಟಲಿಯ ದೊಡ್ಡ ಬೆಲೆಗೆ ಇದು ಕಾರಣ.

1997ರಲ್ಲಿ ಯುನೆಸ್ಕೊ ಪಟ್ಟಿ, 1999ರಲ್ಲಿ ರಾಷ್ಟ್ರೀಯ ಉದ್ಯಾನ. ಪ್ರವಾಸಿಗರು ಬಂದರು, ರೂಮು ಬಾಡಿಗೆ ದುಡ್ಡು ತಂದಿತು, ಹೊಲದ ಕೆಲಸಕ್ಕೆ ಕೈ ಇನ್ನೂ ಕಡಿಮೆಯಾಯಿತು. ಜನ ನೋಡಲು ಬರುವುದು ಯಾವ ಕಟ್ಟೆಗಳನ್ನೋ, ಅವುಗಳ ಖರ್ಚನ್ನು ರೂಮಿನ ಬಾಡಿಗೆ ತಾನಾಗಿ ಭರಿಸುವುದಿಲ್ಲ.

2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ವೆರ್ನಾಜ್ಜಾ, ಮೊಂತೆರೊಸ್ಸೊ ಎರಡೂ ಕೆಸರಿನಲ್ಲಿ ಹೂತವು, ಪ್ರಾಣಗಳೂ ಹೋದವು. ಆಮೇಲಿನ ಅಧ್ಯಯನಗಳಲ್ಲಿ ಕಂಡದ್ದು ಇದು: ಹೆಚ್ಚು ಜರಿದದ್ದು ಈಚೆಗೆ ಪಾಳುಬಿದ್ದ ಮೆಟ್ಟಿಲುಗಳು. ದುಡಿಯುವ ನೆಲದಲ್ಲಿ ಕಟ್ಟೆ ಇತ್ತು, ಬಹುಕಾಲದ ಹಿಂದೆ ಕಾಡಾದಲ್ಲಿ ಬೇರುಗಳಿದ್ದವು. ಈ ಎರಡರ ನಡುವಿನ ನೆಲಕ್ಕೆ ಎರಡೂ ಇರಲಿಲ್ಲ.

2016ರ ಇಟಲಿಯ ವೈನ್ ಕಾನೂನು ಇಂಥ ಕಡಿದಾದ ತೋಟಗಳನ್ನು ‘ವೀರ ದ್ರಾಕ್ಷಿತೋಟ’ ಎಂದು ಗುರುತಿಸಿತು. 2018ರಲ್ಲಿ ಒಣಕಲ್ಲು ಕಟ್ಟುವ ಕಲೆಯೇ ಯುನೆಸ್ಕೊ ಪಟ್ಟಿ ಸೇರಿತು. ಇಷ್ಟಾದರೂ ಹೊಟ್ಟೆ ಬಿಟ್ಟ ಕಟ್ಟೆಯನ್ನು ಬಿಚ್ಚಿ ಕಟ್ಟುವವರು ಬೇಕು. ಕಲ್ಲನ್ನು ಕೈಯಲ್ಲಿ ತಿರುಗಿಸಿ ಅದರ ಉದ್ದ ಯಾವ ಕಡೆಗಿದೆ ಎಂದು ನೋಡುವ ಆ ಕೆಲಸಕ್ಕೆ ಯಂತ್ರ ಇನ್ನೂ ಬಂದಿಲ್ಲ.