ನಡುರಾತ್ರಿ ಕರೆಂಟ್ ಹೋದರೆ ಹಸಿರುಮನೆಯ ಗಿಡಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಚಿಕ್ಕ ಹಸಿರುಮನೆಗೆ ಕರೆಂಟ್ ಹೀಟರ್ ಒಂದೇ ಆಸರೆ. ಚಳಿಗಾಲದ ರಾತ್ರಿ ಕರೆಂಟ್ ಹೋಗಿ ಬೆಳಗಿನವರೆಗೂ ಬರದಿದ್ದರೆ ಏನು ಮಾಡಲಿ?

ಉತ್ತರ: ಇಡೀ ಹಸಿರುಮನೆಯನ್ನು ಬೆಚ್ಚಗಿಡುವ ಆಸೆಯನ್ನು ಆ ರಾತ್ರಿಯ ಮಟ್ಟಿಗೆ ಬಿಟ್ಟುಬಿಡಿ. ಗಿಡಗಳನ್ನೆಲ್ಲ ನಡುವೆ ಒತ್ತೊತ್ತಾಗಿ ಸೇರಿಸಿ, ಅಷ್ಟು ಜಾಗವನ್ನು ಮಾತ್ರ ಕಾಪಾಡಿ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಗೋಡೆ, ಚಾವಣಿ ಸೇರಿ 40 ಚದರ ಮೀಟರ್ ಗಾಜು ಇದೆ ಅಂದುಕೊಳ್ಳಿ. ಹೊರಗೆ 0 ಡಿಗ್ರಿ, ಒಳಗೆ 10 ಡಿಗ್ರಿ. ಒಂದೇ ಪದರದ ಗಾಜಿನಿಂದ ಗಂಟೆಗೆ ಸುಮಾರು 2.4 ಯೂನಿಟ್‌ನಷ್ಟು (ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ) ಶಾಖ ಸೋರಿಹೋಗುತ್ತದೆ. ಶಾಖಕ್ಕೆಂದು ಒಳಗೆ ಬೆಚ್ಚನೆಯ ನೀರಿನ ಡ್ರಮ್ ಇಟ್ಟರೆ? 200 ಲೀಟರ್ ಡ್ರಮ್ಮಿನ ನೀರು 25ರಿಂದ 15 ಡಿಗ್ರಿಗೆ ಇಳಿದಾಗ ಬಿಟ್ಟುಕೊಡುವುದು 2.3 ಯೂನಿಟ್. ಅಂದರೆ ಒಂದು ಡ್ರಮ್ ಒಂದು ಗಂಟೆಗೆ ಖಾಲಿ! ತೂತು ಮಡಕೆಗೆ ನೀರು ತುಂಬಿದ ಹಾಗೆ. ಅದೇ ಡ್ರಮ್ಮಿನ ಸುತ್ತ ಗಿಡಗಳನ್ನಿಟ್ಟು, ಮೇಲೆ ಗುಡಾರದಂತೆ ಹೊದಿಸಿ ನೋಡಿ. ಹೊದಿಕೆ 8 ಚದರ ಮೀಟರ್‌ನಷ್ಟಿದ್ದರೆ, ಹೊರಗಿನ ಗಾಜೂ ಸೇರಿ ಎರಡು ಪದರವಾಗುವುದರಿಂದ, ಸೋರಿಕೆ ಗಂಟೆಗೆ ಕಾಲು ಯೂನಿಟ್ ಆಸುಪಾಸಿಗೆ ಇಳಿಯುತ್ತದೆ. ಡ್ರಮ್ ಬೆಳಗಿನವರೆಗೆ ಎಳೆಯುತ್ತದೆ.

ಗುಡಾರ ಕಟ್ಟುವುದು ಕಷ್ಟವಲ್ಲ. ನಾಲ್ಕು ಕೋಲು ನೆಟ್ಟು ಮೊದಲು ಬಟ್ಟೆ ಅಥವಾ ಹಳೆಯ ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ. ಪ್ಲಾಸ್ಟಿಕ್ ಎಲೆಗೆ ತಾಗಬಾರದು, ತಾಗಿದ ಕಡೆ ಎಲೆ ಸುಟ್ಟಂತಾಗುತ್ತದೆ. ಹೊದಿಕೆಯ ಅಂಚು ನೆಲ ಮುಟ್ಟಲೇಬೇಕು. ಹಗಲಿಡೀ ಕಾದ ಮಣ್ಣು ರಾತ್ರಿ ಶಾಖ ಬಿಡುತ್ತದಲ್ವಾ, ಅದೂ ನಿಮ್ಮ ಪುಕ್ಕಟೆ ಹೀಟರೇ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಜಾಸ್ತಿ ಶಾಖ ಹಿಡಿದಿಡುತ್ತದೆ. ಹಾಗಾಗಿ ಚಳಿಯ ಮುನ್ಸೂಚನೆ ಇದ್ದ ದಿನ ಬೆಳಿಗ್ಗೆಯೇ ನೀರು ಹಾಕಿ. ಎಲೆ ಮಾತ್ರ ಒಣಗಿರಲಿ.

ನಿಮ್ಮದು ಗಾಜಲ್ಲ, ಸಾದಾ ಪಾಲಿಥೀನ್ ಹೊದಿಕೆ ಅಂದರೆ ಇನ್ನೂ ಎಚ್ಚರ ಬೇಕು. ಒಳಗಿನ ಶಾಖ ಅದರ ಮೂಲಕ ಸೀದಾ ಆಕಾಶಕ್ಕೆ ಹೋಗುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಒಳಗೆ ಹೊರಗಿಗಿಂತಲೂ ಜಾಸ್ತಿ ತಣ್ಣಗಾಗುವುದುಂಟು. ಇದನ್ನು ತಡೆಯಲು ಒಳಗಿನ ಕಂಬಳಿಯೇ ಒಳ್ಳೆಯದು. ಎರಡು ಪದರದ ನಡುವೆ ಫ್ಯಾನಿನಿಂದ ಗಾಳಿ ತುಂಬುವ ಪಾಲಿಹೌಸ್ ಆದರೆ, ಕರೆಂಟ್ ಹೋದ ಮೇಲೆ ಗಾಳಿ ಇಳಿದು ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಶಾಖ ತಡೆಯುವ ನಡುವಿನ ಗಾಳಿ ಇಲ್ಲವಾಗುತ್ತದೆ. ಆ ಫ್ಯಾನಿಗೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಬ್ಯಾಟರಿ ಇದ್ದರೆ ಮೊದಲು ಅದಕ್ಕೇ ಕೊಡಿ.

ಜಾಗ ಸಾಲದಿದ್ದರೆ ಯಾವುದನ್ನು ಒಳಗಿಡುವುದು? ಟೊಮೆಟೊ, ಸೌತೆ, ಮೆಣಸಿನಕಾಯಿ, ತುಳಸಿ ಮೊದಲು. ಇವುಗಳಿಗೆ ಹಿಮವೇ ಕಟ್ಟಬೇಕಿಲ್ಲ, 10 ಡಿಗ್ರಿಗಿಂತ ಕೆಳಗೆ ತುಂಬಾ ಹೊತ್ತು ಇದ್ದರೂ ಸೊರಗುತ್ತವೆ. ಎಲೆಕೋಸು, ಪಾಲಕ್ ಚಳಿ ತಡೆಯುತ್ತವೆ, ಗುಡಾರದ ಹೊರಗಿರಲಿ.

ಇನ್ನು ಬೆಂಕಿಯ ವಿಷಯ. ದಯವಿಟ್ಟು ಇದ್ದಿಲಿನ ಒಲೆ, ಅಗ್ಗಿಷ್ಟಿಕೆ ಒಳಗೆ ತರಬೇಡಿ. ಜನರೇಟರನ್ನಂತೂ ಒಳಗೆ ಇಡಲೇಬೇಡಿ. ಇವು ಬಿಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಿಡ ನೋಡಲು ಒಳಗೆ ಹೋದವರು ಹೊರಗೆ ಬಾರದೇ ಹೋಗಬಹುದು. ಒಂದು ಟೊಮೆಟೊ ಗಿಡ ಅಷ್ಟು ಬೆಲೆ ಬಾಳುವುದಿಲ್ಲ. ಸೀಮೆಎಣ್ಣೆ, ಗ್ಯಾಸ್ ಹೀಟರ್‌ಗಳು ಸರಿಯಾಗಿ ಉರಿಯದಿದ್ದರೆ ಎಥಿಲೀನ್ ಅನ್ನುವ ಅನಿಲವನ್ನೂ ಬಿಡುತ್ತವೆ, ಅದರಿಂದ ಹೂವು ಉದುರುತ್ತದೆ. ಹೊಗೆ ಕೊಳವೆಯಿಂದ ಹೊರಗೆ ಹೋಗುವಂಥ ಹೀಟರ್ ಇದ್ದರೆ ಮಾತ್ರ ಬಳಸಿ. ಮೇಣದ ಬತ್ತಿಯ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿದರೆ ಶಾಖ ಹೆಚ್ಚುತ್ತದೆ ಅನ್ನುತ್ತಾರೆ. ಹೆಚ್ಚುವುದಿಲ್ಲ. ಒಂದು ಬತ್ತಿ ಕೊಡುವುದು ನೂರು ವ್ಯಾಟ್‌ಗಿಂತ ಕಡಿಮೆ, ಕುಂಡ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಕಂಬಳಿ, ಪ್ಲಾಸ್ಟಿಕ್ ಪಕ್ಕದಲ್ಲೇ ಉರಿ ಇಡುವುದು ಬೇಡವೇ ಬೇಡ. ಬಿಸಿನೀರು ತುಂಬಿದ ಬಾಟಲಿಗಳನ್ನು ಕುಂಡಗಳ ನಡುವೆ ಇಡಿ, ಅದು ಎಷ್ಟೋ ವಾಸಿ.

ರಾತ್ರಿ ಸುಮ್ನೆ ಬಾಗಿಲು ತೆಗೆದು ಇಣುಕಬೇಡಿ. ಬ್ಯಾಟರಿಯಲ್ಲಿ ನಡೆಯುವ ಥರ್ಮಾಮೀಟರ್ ಒಳಗಿಟ್ಟು, ಅಂಕಿ ಕಾಣಿಸುವ ಪರದೆ ಮನೆಯಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ಹೊದಿಕೆ ಸ್ವಲ್ಪ ಸ್ವಲ್ಪವೇ ಸರಿಸಿ. ಹೆಪ್ಪುಗಟ್ಟಿದ ಎಲೆಗೆ ತಕ್ಷಣ ನೇರ ಬಿಸಿಲು ಬೀಳದಿರಲಿ. ಕಪ್ಪಾದ ಕೊಂಬೆಗಳನ್ನು ಅವತ್ತೇ ಕತ್ತರಿಸಬೇಡಿ. ಬುಡದಲ್ಲಿ ಚಿಗುರು ಬರುತ್ತದಾ ಅಂತ ಕೆಲವು ವಾರ ಕಾಯಿರಿ.