ಸ್ಯಾಕೇಡ್ ಲೆಕ್ಕದಲ್ಲಿ ಆ 6 ಎಲ್ಲಿಂದ ಬಂತು?

ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು 200–250 ಮಿಲಿಸೆಕೆಂಡ್ ಕೂತು, 30 ಮಿಲಿಸೆಕೆಂಡಿನಲ್ಲಿ ಮುಂದಕ್ಕೆ ಹಾರುತ್ತದೆ. ಆ ನೆಗೆತವೇ ಸ್ಯಾಕೇಡ್. ಐ-ಟ್ರ್ಯಾಕರ್, ಅಂದರೆ ಪಾಪೆಯನ್ನು ಹಿಂಬಾಲಿಸಿ ನೋಟ ಎಲ್ಲಿದೆ ಎಂದು ಬರೆದಿಡುವ ಕ್ಯಾಮೆರಾ, ಕೊಟ್ಟ ಅಂಕಿಗಳಲ್ಲಿ ಅದನ್ನು ಹುಡುಕಬೇಕು. ಕಣ್ಣು ತಿರುಗುವ ವೇಗ ಸೆಕೆಂಡಿಗೆ 30 ಡಿಗ್ರಿ ದಾಟಿದರೆ ಸ್ಯಾಕೇಡ್ ಅನ್ನುವುದು ಸುಲಭದ ದಾರಿ. (ಪಿಕ್ಸೆಲ್ಲನ್ನು ಡಿಗ್ರಿ ಮಾಡಿಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. 57 ಸೆಂಟಿಮೀಟರ್ ದೂರದಿಂದ ನೋಡಿದರೆ ಪರದೆಯ 1 ಸೆಂಟಿಮೀಟರ್ ಹೆಚ್ಚುಕಮ್ಮಿ 1 ಡಿಗ್ರಿ.)

ಶಂಕರಘಟ್ಟದ ರೂಮಿನಲ್ಲಿ, ಹೊರಗೆ ಜಡಿಮಳೆ, ಯಾವಾಗ ಕರೆಂಟ್ ಹೋಗುತ್ತೋ ಅನ್ನುವ ಆತಂಕದಲ್ಲಿ ಅದನ್ನೇ ಮಾಡಿದೆ. ಗ್ರಾಫ್ ತುಂಬ ಸ್ಯಾಕೇಡೇ! ಕಣ್ಣು ಸುಮ್ನೆ ಕೂತಿದ್ದ ಜಾಗದಲ್ಲೂ.

ತಪ್ಪು ಇಲ್ಲಿತ್ತು. ನನ್ನ ಡೇಟಾ 500 ಹರ್ಟ್ಸ್, ಅಂದರೆ 2 ಮಿಲಿಸೆಕೆಂಡಿಗೊಂದು ಅಂಕಿ. ನಾಯ್ಸ್‌ನಿಂದ, ಅಂದರೆ ಅಳತೆಯ ಸಣ್ಣ ಏರುಪೇರಿನಿಂದ, ಅವು 5.0, 5.1, 5.0, 5.1, 5.0 ಅಂತ ನಡುಗುತ್ತಿವೆ. ಪಕ್ಕದ ಎರಡನ್ನು ಕಳೆದರೆ 0.1. ಅದನ್ನು 0.002ರಿಂದ ಭಾಗಿಸಿದರೆ ಸೆಕೆಂಡಿಗೆ 50 ಡಿಗ್ರಿ! ನಡುಕವೇ ನೆಗೆತವಾಯಿತು.

ಸಂಶೋಧಕರಾದ ಎಂಗ್ಬರ್ಟ್ ಮತ್ತು ಕ್ಲೀಗಲ್ 2003ರ ಲೇಖನದಲ್ಲಿ ಬಳಸಿದ, ವೇಗ ತೆಗೆಯುವ ಸೂತ್ರ ಐದು ಅಂಕಿ ಹಿಡಿಯುತ್ತದೆ. ನಡುವಿನದನ್ನು ಬಿಡಿ. ಮುಂದಿನ ಎರಡನ್ನು ಕೂಡಿಸಿ, ಹಿಂದಿನ ಎರಡನ್ನು ಕಳೆಯಿರಿ, 6Δt ಇಂದ ಭಾಗಿಸಿ (Δt ಅಂದರೆ ಪಕ್ಕದ ಎರಡು ಅಂಕಿಗಳ ನಡುವಿನ ಸಮಯ, ಇಲ್ಲಿ 2 ಮಿಲಿಸೆಕೆಂಡ್). ಮೇಲಿನ ಅಂಕಿಗಳಿಗೆ: 5.1 + 5.0 − 5.1 − 5.0 = 0. ನಡುಕ ಮಾಯ.

ಆದರೆ 6 ಯಾಕೆ? ಅಂಕಿ ಐದು, ಅವುಗಳ ನಡುವಿನ ಸಂದು ನಾಲ್ಕು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಇಲ್ಲಿ ಎರಡು ಪ್ರಯಾಣಗಳಿವೆ ಅಂದುಕೊಳ್ಳಿ. 1ನೇ ಅಂಕಿಯಿಂದ 5ನೇದಕ್ಕೆ ಹೋಗಲು 4Δt, 2ನೇದರಿಂದ 4ನೇದಕ್ಕೆ 2Δt. ಸಾಗರದ ಬಸ್ಸು ಎರಡು ಗಂಟೆ ಓಡಿತು, ಬೆಂಗಳೂರಿನದು ಆರು ಗಂಟೆ. ಎರಡರ ದೂರ ಕೂಡಿಸಿದ ಮೇಲೆ ಸಮಯವನ್ನೂ ಕೂಡಿಸಿ ಎಂಟರಿಂದ ತಾನೇ ಭಾಗಿಸುವುದು? ಹಾಗೇ ಇಲ್ಲಿ 4 + 2.

ಗಮನಿಸಿ, ಅದೇ ಲೇಖನದಲ್ಲಿ ಇನ್ನೊಂದು 6 ಇದೆ. ಎರಡಕ್ಕೂ ಸಂಬಂಧವೇ ಇಲ್ಲ! ಅಲ್ಲಿ 30 ಡಿಗ್ರಿಯ ಗೆರೆ ಬಿಟ್ಟು, ವೇಗದ ಚದುರುವಿಕೆಯ 6 ಪಟ್ಟನ್ನು ಮಿತಿ ಮಾಡುತ್ತಾರೆ. ಆ ಚದುರುವಿಕೆಯನ್ನು ಸರಾಸರಿಯಿಂದಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಮಧ್ಯಾಂಕದಿಂದ ತೆಗೆಯುತ್ತಾರೆ. ಸೆಕೆಂಡಿಗೆ ನೂರಾರು ಡಿಗ್ರಿಯ ನಿಜವಾದ ಸ್ಯಾಕೇಡ್‌ಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ, ಮಧ್ಯಾಂಕ ಅಷ್ಟಾಗಿ ಜಗ್ಗುವುದಿಲ್ಲ. ಕಣ್ಣಿನ ಅಡ್ಡ ಚಲನೆಗೂ ಮೇಲೆ-ಕೆಳಗಿನ ಚಲನೆಗೂ ಬೇರೆ ಬೇರೆ ಮಿತಿ.

ರೆಪ್ಪೆ ಬಡಿತವನ್ನು ಮೊದಲೇ ತೆಗೆಯಿರಿ. ರೆಪ್ಪೆ ಪಾಪೆಯನ್ನು ಅರ್ಧ ಮುಚ್ಚಿದಾಗ ಅದರ ಕೇಂದ್ರ ಜಾರಿದಂತೆ ಕಾಣುತ್ತದೆ, ಥೇಟ್ ಸ್ಯಾಕೇಡ್‌ನಂತೆ. ನಾನು ಬಡಿತದ ಎರಡೂ ಬದಿ 100 ಮಿಲಿಸೆಕೆಂಡ್ ಕತ್ತರಿಸುತ್ತೇನೆ.